ಒಂದೇ ಪೇಜ್, ಹತ್ತು ವಿಳಾಸ: ಕ್ಯಾನಾನಿಕಲ್ ಟ್ಯಾಗ್ ಹಾಕುವುದು ಹೇಗೆ?

ಇಳಕಲ್ ಸೀರೆ ಮಾರುವ ಪರಿಚಯದವರೊಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಫೋನ್ ಬಂತು. "ಸರ್, ನನ್ನ ಹತ್ರ ಇರೋದು ನಲವತ್ತು ಸೀರಿ. ಗೂಗಲ್‌ನಾಗ ಆರ್ನೂರು ಪೇಜ್ ತೋರಸ್ತದಲ್ರಿ, ಉಳಿದವು ಯಾರವು?"

ಸೈಟಿನ ಯಾವ್ಯಾವ ಪೇಜ್ ತನಗೆ ಕಂಡಿವೆ ಅಂತ ಗೂಗಲ್ ಸೈಟ್ ಮಾಲೀಕರಿಗೆ ತೋರಿಸುವ ಸರ್ಚ್ ಕನ್ಸೋಲ್ ತೆಗೆದು ನೋಡಿದೆ. ಎಲ್ಲವೂ ಅವರವೇ. ಅದೇ ನಲವತ್ತು ಸೀರೆ, ಬೇರೆ ಬೇರೆ ವಿಳಾಸ ಹೊತ್ತು ನಿಂತಿದ್ದವು. ಬೆಲೆ ಪ್ರಕಾರ ಜೋಡಿಸಿದ ಪಟ್ಟಿಗೆ ಒಂದು ವಿಳಾಸ, ಬಣ್ಣ ಆರಿಸಿದರೆ ಇನ್ನೊಂದು, ಫೇಸ್‌ಬುಕ್‌ನಿಂದ ಬಂದವರಿಗೆ ಬಾಲಂಗೋಚಿ ಅಂಟಿದ ಮತ್ತೊಂದು. ನೋಡುವವರಿಗೆ ಒಂದೇ ಸೀರೆ. ಗೂಗಲ್‌ಗೆ ಒಂದೊಂದು ವಿಳಾಸವೂ ಒಂದೊಂದು ಪೇಜ್.

ಹಳ್ಳಿ ಕಡೆಯವರಿಗೆ ಈ ಕಷ್ಟ ಬೇರೆ ರೂಪದಲ್ಲಿ ಚೆನ್ನಾಗಿ ಗೊತ್ತು. ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬಸವರಾಜಪ್ಪ. ಆಸಾಮಿ ಒಬ್ಬನೇ. ಕೌಂಟರಿನ ಆಚೆ ಕೂತವರಿಗೆ ಮಾತ್ರ ಮೂರು ಜನ. ಆಗ ನೋಟರಿ ಹತ್ತಿರ ಹೋಗಿ ‘ಬಸಪ್ಪ ಉರುಫ್ ಬಸವರಾಜ’ ಅಂತ ಅಫಿಡವಿಟ್ ಮಾಡಿಸಿ ತರಬೇಕು. ಕ್ಯಾನಾನಿಕಲ್ ಟ್ಯಾಗ್ ಅಂದರೆ ವೆಬ್ ಪೇಜಿನ ಅಫಿಡವಿಟ್. ‘ನಾನು ಯಾವ ವಿಳಾಸದಲ್ಲಿ ಸಿಕ್ಕರೂ ನನ್ನ ಅಸಲಿ ವಿಳಾಸ ಇದು’ ಅಂತ ಪೇಜೇ ತನ್ನ ಕೋಡ್‌ನಲ್ಲಿ ಒಂದು ಸಾಲು ಬರೆದು ಹೇಳಿಕೊಳ್ಳುವುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಅಫಿಡವಿಟ್ ಕೊಟ್ಟ ತಕ್ಷಣ ಕೆಲಸ ಆಗಿಬಿಡುವುದಿಲ್ಲ, ಅಲ್ವಾ? ಉಳಿದ ಕಾಗದಗಳೂ ಅದನ್ನೇ ಹೇಳಬೇಕು. ಟ್ಯಾಗ್ ಕೂಡ ಹಾಗೆಯೇ. ಗೂಗಲ್ ಅದನ್ನು ಆಜ್ಞೆ ಅಂತ ತೆಗೆದುಕೊಳ್ಳುವುದಿಲ್ಲ, ಬಲವಾದ ಸುಳಿವು ಅಂತ ತೆಗೆದುಕೊಳ್ಳುತ್ತದೆ. ಟ್ಯಾಗ್ ಒಂದು ಹೇಳಿ, ಸೈಟ್‌ಮ್ಯಾಪ್ (ಸೈಟಿನ ವಿಳಾಸಗಳ ಪಟ್ಟಿ ಇರುವ ಫೈಲ್) ಇನ್ನೊಂದು ಹೇಳಿ, ಮೆನುವಿನ ಲಿಂಕ್ ಮೂರನೆಯದನ್ನು ಹೇಳಿದರೆ ಗೂಗಲ್ ತನಗೆ ಸರಿ ಕಂಡದ್ದನ್ನು ಆರಿಸಿಕೊಳ್ಳುತ್ತದೆ.

2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಈ ಟ್ಯಾಗನ್ನು ಒಪ್ಪಿಕೊಂಡವು. ಅದೇ ವರ್ಷದ ಕೊನೆಗೆ ಒಂದು ಡೊಮೇನ್‌ನಿಂದ ಇನ್ನೊಂದು ಡೊಮೇನ್ ಕಡೆಗೆ ತೋರಿಸುವುದಕ್ಕೂ ಗೂಗಲ್ ಒಪ್ಪಿತು. ಅಷ್ಟು ಹಳೆಯ ವಿಷಯವಾದರೂ ತಪ್ಪಾಗಿ ಹಾಕಿರುವ ಸೈಟ್‌ಗಳು ಇವತ್ತಿಗೂ ಸಿಗುತ್ತವೆ.

ಇನ್ನೊಂದು ಭಯವನ್ನೂ ತೆಗೆದುಬಿಡೋಣ. ‘ಡುಪ್ಲಿಕೇಟ್ ಇದ್ದರೆ ಗೂಗಲ್ ಶಿಕ್ಷೆ ಕೊಡುತ್ತದಂತೆ’ ಅನ್ನುವ ಮಾತು. ಮೋಸ ಮಾಡುವ ಉದ್ದೇಶ ಇಲ್ಲದಿದ್ದರೆ ಅಂಥ ಶಿಕ್ಷೆ ಏನೂ ಇಲ್ಲ. ಆದರೆ ನಷ್ಟ ಇದೆ. ನಿಮ್ಮ ಪೇಜಿಗೆ ಬೇರೆಯವರು ಕೊಟ್ಟ ಲಿಂಕ್‌ಗಳು ನಾಲ್ಕು ವಿಳಾಸಕ್ಕೆ ಹಂಚಿಹೋಗಬಹುದು. ಪೇಜ್‌ಗಳನ್ನು ಓದುತ್ತ ಓಡಾಡುವ ಗೂಗಲ್‌ನ ಬಾಟ್ ಹೊಸ ಸೀರೆ ನೋಡುವ ಬದಲು ಹಳೆಯದನ್ನೇ ಮತ್ತೆ ಮತ್ತೆ ನೋಡುತ್ತ ಕೂರಬಹುದು. ಹುಡುಕಿದವರಿಗೆ ನೀವು ಬಯಸದ, ಉದ್ದ ಬಾಲದ ವಿಳಾಸ ಕಾಣಬಹುದು.

ಹಂತ 1: ಎಷ್ಟು ವಿಳಾಸ ಇವೆ, ಎಣಿಸಿ

ಕೋಡ್ ಮುಟ್ಟುವ ಮೊದಲು ಒಂದು ಪೇಜ್ ಆರಿಸಿ. ನಾನು ಆರಿಸಿದ್ದು ಚಿಕ್ಕಿ ಪರಾಸ್ ದಡಿಯ ಕೆಂಪು ಸೀರೆಯ ಪೇಜ್. ಒಂದು ಹಾಳೆ ತೆಗೆದುಕೊಂಡು ಅದು ಯಾವ್ಯಾವ ವಿಳಾಸದಲ್ಲಿ ತೆರೆಯುತ್ತದೆ ಅಂತ ಬರೆಯುತ್ತ ಹೋದೆ.

ಎಚ್‌ಟಿಟಿಪಿ ಹಾಕಿದರೂ ತೆರೆಯಿತು, ಎಚ್‌ಟಿಟಿಪಿಎಸ್ ಹಾಕಿದರೂ ತೆರೆಯಿತು. ಅಲ್ಲಿಗೆ ಎರಡು. ಮುಂದೆ ಟ್ರಿಪಲ್ ಡಬ್ಲ್ಯೂ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾಲ್ಕಾಯಿತು. ಕೊನೆಗೆ ಸ್ಲ್ಯಾಶ್ ಇದ್ದರೂ ಬಿಟ್ಟರೂ ಅದೇ ಸೀರೆ. ಎಂಟಾಯಿತು. ಇನ್ನೂ ಒಂದು ಬಾಲವನ್ನೂ ಅಂಟಿಸಿಲ್ಲ, ಆಗಲೇ ಎಂಟು!

ಇನ್ನು ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಬಾಲಗಳು. ಜಾಹೀರಾತಿನ ಲೆಕ್ಕಕ್ಕೆ ನಾವೇ ಹಾಕುವ ಯುಟಿಎಂ, ಫೇಸ್‌ಬುಕ್ ತಾನಾಗಿ ಅಂಟಿಸುವ ಎಫ್‌ಬಿಕ್ಲಿಡ್, ಬೆಲೆ ಕಡಿಮೆಯಿಂದ ಜಾಸ್ತಿ ಅಂತ ಜೋಡಿಸಿದಾಗ ಬರುವ ಸಾರ್ಟ್, ಬಣ್ಣದ ಫಿಲ್ಟರ್. ಒಂದರ ಹಿಂದೆ ಒಂದು ಸೇರಿದರೆ ವಿಳಾಸಗಳು ಗುಣಿಸುತ್ತ ಹೋಗುತ್ತವೆ. ಜೊತೆಗೆ ಪ್ರಿಂಟ್ ತೆಗೆಯುವ ಪೇಜ್, ಹಳೆಯ ಮೊಬೈಲ್ ಪೇಜ್, ಪಿಡಿಎಫ್ ಪ್ರತಿ. ಡೊಮೇನ್ ಹೆಸರಿನಲ್ಲಿ ದೊಡ್ಡ ಎ, ಸಣ್ಣ ಎ ಎರಡೂ ಒಂದೇ. ಡೊಮೇನ್ ಮುಗಿದ ಮೇಲೆ ಬರುವ ಭಾಗದಲ್ಲಿ ಅವು ಬೇರೆ ಬೇರೆ ಅನ್ನುವುದು ನೆನಪಿರಲಿ.

ಸರ್ಚ್ ಕನ್ಸೋಲ್‌ನಲ್ಲಿ ಪೇಜಸ್ ಅನ್ನುವ ವರದಿ ತೆರೆದರೆ ಗೂಗಲ್ ಕಂಡಿರುವ ವಿಳಾಸಗಳ ಮಾದರಿ ಸಿಗುತ್ತದೆ. ಅದನ್ನೂ ಹಾಳೆಗೆ ಸೇರಿಸಿ.

ಕನ್ನಡ ಅಕ್ಷರದ ವಿಳಾಸ ಇಟ್ಟಿದ್ದೀರಾ? ಹಾಗಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಈ ತೊಡಕು ಇಂಗ್ಲಿಷ್ ಸೈಟ್‌ನವರಿಗೆ ಬರುವುದಿಲ್ಲ.

ಬ್ರೌಸರ್‌ನಲ್ಲಿ ನೀಟಾಗಿ ಕಾಣುವ ‘ಕನ್ನಡ’ ಅನ್ನುವ ವಿಳಾಸವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಶೇಕಡಾ ಚಿಹ್ನೆಗಳ ಉದ್ದ ಸಾಲೇ ಬರುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಈ ಪದದಲ್ಲಿರುವುದು ಐದು ಚಿಹ್ನೆ: ಕ, ನ, ವಿರಾಮದ ಗುರುತು, ಮತ್ತೊಂದು ನ, ಡ. ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟ್‌ಗೆ ಮೂರು ಅಕ್ಷರ. ಒಟ್ಟು 45 ಅಕ್ಷರ. ಗಾಬರಿ ಬೇಡ, ಎರಡೂ ಒಂದೇ ವಿಳಾಸ. ಗೂಗಲ್‌ಗೂ ಅದು ಗೊತ್ತು.

ನಿಜವಾದ ತೊಂದರೆ ಕಣ್ಣಿಗೆ ಕಾಣದ್ದು. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ ಒತ್ತು ಮತ್ತು ವ ಅಂಟಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಹೀಗೆ ಹೆಚ್ಚುಕಡಿಮೆ ಒಂದೇ ಥರ ಓದಿಸಿಕೊಳ್ಳುವ ಎರಡು ವಿಳಾಸ ಹುಟ್ಟುತ್ತವೆ. ‘ಕೊ’ ಅನ್ನುವುದರ ಕಥೆಯೂ ಹೀಗೆಯೇ. ಒತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎರಡು ತುಂಡು ಸೇರಿಸಿಯೂ ಇಡಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಅದಕ್ಕೇ ಕ್ಯಾನಾನಿಕಲ್ ವಿಳಾಸವನ್ನು ಯಾವತ್ತೂ ಕೈಯಲ್ಲಿ ಟೈಪ್ ಮಾಡಬೇಡಿ. ತೆರೆದಿರುವ ಪೇಜಿನಿಂದ ಕಾಪಿ ಮಾಡಿ.

ಹಂತ 2: ಅಸಲಿ ಯಾವುದು ಅಂತ ತೀರ್ಮಾನಿಸಿ

ಇದಕ್ಕೆ ಐದು ನಿಮಿಷ ಸಾಕು. ಎಚ್‌ಟಿಟಿಪಿಎಸ್ ಇರಲಿ, ಅದರಲ್ಲಿ ಚರ್ಚೆ ಇಲ್ಲ. ಟ್ರಿಪಲ್ ಡಬ್ಲ್ಯೂ ಬೇಕೋ ಬೇಡವೋ ನಿಮ್ಮಿಷ್ಟ, ಗೂಗಲ್‌ಗೆ ಎರಡೂ ಸರಿ. ಕೊನೆಯ ಸ್ಲ್ಯಾಶ್ ಕೂಡ ಹಾಗೆಯೇ. ಈಗಾಗಲೇ ಜನ ಜಾಸ್ತಿ ಬಳಸುತ್ತಿರುವ, ಬೇರೆ ಸೈಟ್‌ಗಳು ಲಿಂಕ್ ಕೊಟ್ಟಿರುವ ರೂಪ ಯಾವುದೋ ಅದನ್ನೇ ಉಳಿಸಿಕೊಳ್ಳಿ. ಬಾಲ ಇಲ್ಲದ, ಚಿಕ್ಕ ವಿಳಾಸ ಆಗಿರಲಿ. ತೀರ್ಮಾನ ಮಾಡಿದ್ದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮುಂದಿನ ಎಲ್ಲ ಹಂತದಲ್ಲೂ ಒಂದು ಅಕ್ಷರ ಆಚೀಚೆ ಆಗದೆ ಅದೇ ಬರಬೇಕು.

ಹಂತ 3: ರೀಡೈರೆಕ್ಟ್ ಮಾಡಬಹುದಾದ್ದಕ್ಕೆ ಟ್ಯಾಗ್ ಹಾಕಬೇಡಿ

ಕ್ಯಾನಾನಿಕಲ್ ಬಗ್ಗೆ ಬರೆಯುತ್ತ ಕ್ಯಾನಾನಿಕಲ್ ಬೇಡ ಅನ್ನುತ್ತಿದ್ದೇನೆ, ಹೌದು. ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಇನ್ನೊಂದು ವಿಳಾಸ ಯಾರಿಗಾದರೂ ತೆರೆಯಬೇಕಾ?

ಎಚ್‌ಟಿಟಿಪಿ ವಿಳಾಸ ಯಾರಿಗೂ ಬೇಡ. ಟ್ರಿಪಲ್ ಡಬ್ಲ್ಯೂ ಬಿಟ್ಟಿದ್ದರೆ ಅದೂ ಬೇಡ. ಇಂಥವನ್ನು 301 ರೀಡೈರೆಕ್ಟ್ ಮೂಲಕ ಅಸಲಿ ವಿಳಾಸಕ್ಕೆ ಕಳಿಸಿಬಿಡಿ. ಹಳೆ ಬಾಗಿಲಿಗೆ ಬಂದವರನ್ನು ಕೈಹಿಡಿದು ಹೊಸ ಬಾಗಿಲಿಗೆ ಕರೆದುಕೊಂಡು ಹೋದ ಹಾಗೆ. ಜನರಿಗೂ ಗೂಗಲ್‌ಗೂ ಒಂದೇ ದಾರಿ, ಗೊಂದಲವೇ ಇಲ್ಲ.

ಬೆಲೆ ಪ್ರಕಾರ ಜೋಡಿಸಿದ ಪೇಜ್ ಹಾಗಲ್ಲ. ಗ್ರಾಹಕರು ಅದನ್ನು ಬಳಸುತ್ತಾರೆ. ರೀಡೈರೆಕ್ಟ್ ಮಾಡಿದರೆ ಜೋಡಣೆಯೇ ಕೆಲಸ ಮಾಡುವುದಿಲ್ಲ. ಟ್ಯಾಗ್ ಬೇಕಾಗುವುದು ಇಂಥ ಕಡೆ.

ಸೀರೆ ಸೈಟ್‌ನ ಎಂಟು ವಿಳಾಸದಲ್ಲಿ ಏಳನ್ನು ನಾನು ರೀಡೈರೆಕ್ಟ್‌ನಲ್ಲೇ ಮುಗಿಸಿದೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ‘ಫೋರ್ಸ್ ಎಚ್‌ಟಿಟಿಪಿಎಸ್’ ಅನ್ನುವ ಗುಂಡಿ ಸಾಮಾನ್ಯವಾಗಿ ಇರುತ್ತದೆ. ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್, ಜನರಲ್ ಒಳಗೆ ಸೈಟ್ ಅಡ್ರೆಸ್ ಸರಿಪಡಿಸಿ. ಆಮೇಲೆ ಇನ್‌ಕಾಗ್ನಿಟೊ ವಿಂಡೋದಲ್ಲಿ ಎಂಟನ್ನೂ ಒಂದೊಂದಾಗಿ ಟೈಪ್ ಮಾಡಿ ನೋಡಿ. ಮಾಮೂಲಿ ವಿಂಡೋದಲ್ಲಿ ನೋಡಿದರೆ ಬ್ರೌಸರ್ ಹಳೆಯದನ್ನು ನೆನಪಿಟ್ಟುಕೊಂಡು ಮೋಸ ಮಾಡುತ್ತದೆ. ಉಳಿದ ಏಳೂ ಒಂದೇ ಜಿಗಿತಕ್ಕೆ ಅಸಲಿ ವಿಳಾಸ ತಲುಪಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಂತ ಸುತ್ತಾಡಿಸಬೇಡಿ.

ಹಂತ 4: ಟ್ಯಾಗ್ ಹಾಕಿ

ಟ್ಯಾಗ್ ಒಂದೇ ಸಾಲು. ಓದಲು ಅನುಕೂಲ ಆಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ. ಕೋಡ್‌ನಲ್ಲಿ ಇದನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆಯಬೇಕು.

<ಲಿಂಕ್ ರೆಲ್="ಕ್ಯಾನಾನಿಕಲ್" ಎಚ್‌ರೆಫ್="ಎಚ್‌ಟಿಟಿಪಿಎಸ್://ನಿಮ್ಮಸೈಟ್.ಇನ್/ಸೀರೆ/ಚಿಕ್ಕಿ-ಪರಾಸ್-ಕೆಂಪು/">

ರೆಲ್ ಅಂದರೆ ಆರ್, ಇ, ಎಲ್. ಎಚ್‌ರೆಫ್ ಅಂದರೆ ಎಚ್, ಆರ್, ಇ, ಎಫ್. ಕ್ಯಾನಾನಿಕಲ್ ಪದದಲ್ಲಿ ಎರಡು ಎನ್ ಇವೆ, ಆದರೆ ಜೊತೆಜೊತೆಗಲ್ಲ: ಸಿ, ಎ, ಎನ್, ಒ, ಎನ್, ಐ, ಸಿ, ಎ, ಎಲ್. ಕ್ಯಾನನ್ ಕ್ಯಾಮೆರಾ ತಲೆಯಲ್ಲಿಟ್ಟುಕೊಂಡರೆ ಸರಿ ಬರುತ್ತದೆ.

ಇಷ್ಟು ಚಿಕ್ಕ ಸಾಲಿನಲ್ಲಿ ತಪ್ಪು ಮಾಡಲು ನಾಲ್ಕೈದು ಜಾಗ ಇವೆ.

ವಿಳಾಸ ಪೂರ್ತಿ ಇರಬೇಕು. ಕೆಲವರು ಎಚ್‌ಟಿಟಿಪಿಎಸ್ ಬಿಟ್ಟು ನೇರವಾಗಿ ‘ನಿಮ್ಮಸೈಟ್.ಇನ್/ಸೀರೆ’ ಅಂತ ಬರೆಯುತ್ತಾರೆ. ಯಂತ್ರ ಅದನ್ನು ಡೊಮೇನ್ ಅಂದುಕೊಳ್ಳುವುದಿಲ್ಲ, ಸೈಟ್ ಒಳಗಿನ ಒಂದು ಫೋಲ್ಡರ್ ಅಂದುಕೊಳ್ಳುತ್ತದೆ. ಆಗ ಅಸಲಿ ವಿಳಾಸ ‘ನಿಮ್ಮಸೈಟ್.ಇನ್/ನಿಮ್ಮಸೈಟ್.ಇನ್/ಸೀರೆ’ ಅಂತಾಗುತ್ತದೆ. ಅಂಥ ಪೇಜೇ ಇಲ್ಲ. ಕಣ್ಣಿಗೆ ಸರಿಯಾಗೇ ಕಾಣುವುದರಿಂದ ಈ ತಪ್ಪು ಹಿಡಿಯಲು ಹೊತ್ತು ಬೇಕು.

ಟ್ಯಾಗ್ ಕೋಡ್‌ನ ಆರಂಭದಲ್ಲಿರುವ, ಓದುಗರಿಗೆ ಕಾಣದ ಹೆಡ್ ಭಾಗದೊಳಗೆ ಇರಬೇಕು. ತೆರೆಯ ಮೇಲೆ ಕಾಣುವ ಬಾಡಿಯಲ್ಲಿ ಇದ್ದರೆ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರಲ್ಲೊಂದು ಒಳಸುಳಿ ಇದೆ. ಹೆಡ್ ಒಳಗೆ ಯಾರೋ ಒಂದು ಚಿತ್ರದ ಟ್ಯಾಗನ್ನೋ ಐಫ್ರೇಮನ್ನೋ ಸೇರಿಸಿದ್ದರೆ, ಅದನ್ನು ಕಂಡ ತಕ್ಷಣ ‘ಹೆಡ್ ಮುಗಿಯಿತು’ ಅಂತ ಯಂತ್ರ ತಿಳಿಯುತ್ತದೆ. ಆಮೇಲೆ ಬರುವ ನಿಮ್ಮ ಕ್ಯಾನಾನಿಕಲ್ ಬಾಡಿಗೆ ಸೇರಿಹೋಗುತ್ತದೆ. ಜಾಹೀರಾತು ಕಂಪನಿ ಕೊಟ್ಟ ತುಣುಕನ್ನು ಹೆಡ್‌ನಲ್ಲಿ ಅಂಟಿಸುವಾಗ ಹೀಗಾಗುವುದುಂಟು. ನಾನಂತೂ ಕ್ಯಾನಾನಿಕಲ್ ಸಾಲನ್ನು ಟೈಟಲ್‌ನ ಕೆಳಗೇ ಇಡುತ್ತೇನೆ, ಬೇರೆ ಕಂಪನಿಗಳ ಕೋಡ್ ಎಲ್ಲ ಅದರ ಕೆಳಗೆ.

ಒಂದು ಪೇಜಿಗೆ ಒಂದೇ ಟ್ಯಾಗ್. ಎರಡು ಟ್ಯಾಗ್ ಎರಡು ವಿಳಾಸ ಹೇಳಿದರೆ ಎರಡನ್ನೂ ಕಡೆಗಣಿಸುವ ಸಂಭವವೇ ಜಾಸ್ತಿ. ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆಯ ತುಂಡು ಬೇಡ.

ಅಸಲಿ ಪೇಜಿಗೂ ಟ್ಯಾಗ್ ಹಾಕಬೇಕಾ ಅಂತ ಕೇಳುತ್ತಾರೆ. ಹಾಕಿ, ತನ್ನನ್ನು ತಾನೇ ತೋರಿಸಲಿ. ಕಡ್ಡಾಯ ಅಲ್ಲ, ಆದರೆ ಲಾಭ ಇದೆ. ನಾಳೆ ಯಾರೋ ಅದಕ್ಕೆ ಯುಟಿಎಂ ಬಾಲ ಅಂಟಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಬಾಲ ಇರುವ ವಿಳಾಸದಲ್ಲಿ ತೆರೆಯುವುದೂ ಇದೇ ಪೇಜ್, ಇದೇ ಟ್ಯಾಗ್. ಟ್ಯಾಗ್ ಬಾಲವಿಲ್ಲದ ವಿಳಾಸವನ್ನೇ ಹೇಳುತ್ತದೆ. ಒಂದು ಸಾಲು ಬರೆದಿಟ್ಟರೆ ಇನ್ನೂ ಹುಟ್ಟದ ವಿಳಾಸಗಳಿಗೂ ಉತ್ತರ ಸಿದ್ಧವಾಗಿರುತ್ತದೆ.

ಹಂತ 5: ನಿಮ್ಮ ಪ್ಲಾಟ್‌ಫಾರ್ಮ್‌ನಲ್ಲಿ ಎಲ್ಲಿ?

ಕನ್ನಡದಲ್ಲಿ ಬರೆಯುವ ಎಷ್ಟೋ ಜನ ಇನ್ನೂ ಬ್ಲಾಗರ್‌ನಲ್ಲೇ ಇದ್ದಾರೆ. ಅವರಿಗೆ ಕೆಲಸ ಕಡಿಮೆ. ಬ್ಲಾಗರ್‌ನ ಥೀಮ್‌ನಲ್ಲಿರುವ ‘ಆಲ್ ಹೆಡ್ ಕಂಟೆಂಟ್’ ಅನ್ನುವ ಸಾಲೇ ಕ್ಯಾನಾನಿಕಲ್ ಹಾಕುತ್ತದೆ. ಯೂಟ್ಯೂಬ್ ವಿಡಿಯೋ ನೋಡಿ ಥೀಮ್‌ಗೆ ಇನ್ನೊಂದು ಟ್ಯಾಗ್ ಸೇರಿಸಬೇಡಿ, ಎರಡಾಗುತ್ತದೆ. ಮೊಬೈಲ್‌ನಲ್ಲಿ ತೆರೆದಾಗ ವಿಳಾಸದ ಕೊನೆಗೆ ‘ಎಂ ಈಕ್ವಲ್ಸ್ 1’ ಅಂತ ಬರುತ್ತದಲ್ಲ, ಅದು ಬ್ಲಾಗರ್‌ನದೇ ಏರ್ಪಾಡು. ಆ ಪೇಜಿನಲ್ಲೂ ಕ್ಯಾನಾನಿಕಲ್ ಅಸಲಿಯನ್ನೇ ತೋರಿಸುತ್ತಿರುತ್ತದೆ. ಅದನ್ನು ಅಳಿಸುವ ಜಾವಾಸ್ಕ್ರಿಪ್ಟ್ ತುಣುಕುಗಳು ಓಡಾಡುತ್ತಿವೆ. ನನ್ನ ಮಾತು ಕೇಳಿ, ಸುಮ್ನೆ ಬಿಟ್ಟುಬಿಡಿ.

ವರ್ಡ್‌ಪ್ರೆಸ್ 2009ರ ಡಿಸೆಂಬರ್‌ನಲ್ಲಿ ಬಂದ 2.9ನೇ ಆವೃತ್ತಿಯಿಂದಲೇ ಪೋಸ್ಟ್ ಮತ್ತು ಪೇಜ್‌ಗಳಿಗೆ ತಾನೇ ಕ್ಯಾನಾನಿಕಲ್ ಹಾಕುತ್ತಿದೆ. ವರ್ಗ, ಟ್ಯಾಗ್ ಪಟ್ಟಿಯಂಥ ಪೇಜ್‌ಗಳನ್ನು ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್‌ನಂಥ ಪ್ಲಗಿನ್ ನೋಡಿಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಒಂದು ನಿರ್ದಿಷ್ಟ ಪೋಸ್ಟ್‌ಗೆ ಬೇರೆ ವಿಳಾಸ ಕೊಡಬೇಕಿದ್ದರೆ ಆ ಪೋಸ್ಟ್‌ನ ಎಡಿಟರ್‌ನಲ್ಲಿ ಪ್ಲಗಿನ್‌ನ ಅಡ್ವಾನ್ಸ್ಡ್ ಭಾಗ ತೆರೆಯಿರಿ, ಕ್ಯಾನಾನಿಕಲ್ ಯುಆರ್‌ಎಲ್ ಅನ್ನುವ ಖಾನೆ ಇರುತ್ತದೆ. ಬೇರೆ ಕೊಡುವುದಿಲ್ಲ ಅಂದರೆ ಅದನ್ನು ಖಾಲಿ ಬಿಡಿ.

ಶಾಪಿಫೈನಲ್ಲಿ ಒಂದು ವಸ್ತುವಿಗೆ ಎರಡು ದಾರಿ ಇರುತ್ತವೆ: ನೇರ ಪ್ರಾಡಕ್ಟ್ ವಿಳಾಸ, ಕಲೆಕ್ಷನ್ ಮೂಲಕ ಹೋಗುವ ವಿಳಾಸ. ಥೀಮ್ ಮಾಮೂಲಾಗಿ ನೇರ ವಿಳಾಸವನ್ನೇ ಕ್ಯಾನಾನಿಕಲ್ ಅನ್ನುತ್ತದೆ. ಆದರೆ ಕೆಲವು ಥೀಮ್‌ಗಳಲ್ಲಿ ಪಟ್ಟಿಯ ಲಿಂಕ್‌ಗಳೆಲ್ಲ ಕಲೆಕ್ಷನ್ ದಾರಿಯನ್ನೇ ಹಿಡಿದಿರುತ್ತವೆ. ಟ್ಯಾಗ್ ಒಂದು ಕಡೆ, ಲಿಂಕ್‌ಗಳು ಇನ್ನೊಂದು ಕಡೆ. ಥೀಮ್ ಕೋಡ್‌ನಲ್ಲಿ ‘ವಿದಿನ್ ಕಲೆಕ್ಷನ್’ ಅನ್ನುವ ತುಣುಕು ತೆಗೆಸಿದರೆ ಎರಡೂ ಒಂದಾಗುತ್ತವೆ.

ಪಿಡಿಎಫ್‌ಗೆ ಹೆಡ್ ಇಲ್ಲ, ಟ್ಯಾಗ್ ಹಾಕುವುದು ಎಲ್ಲಿ? ಸರ್ವರ್ ಕಳಿಸುವ ಎಚ್‌ಟಿಟಿಪಿ ಹೆಡರ್‌ನಲ್ಲಿ. ಗೂಗಲ್ 2011ರಿಂದ ಇದನ್ನು ಓದುತ್ತಿದೆ. ಅಪಾಚೆ ಸರ್ವರ್ ಆದರೆ ಎಚ್‌ಟಿಆ್ಯಕ್ಸೆಸ್ ಫೈಲ್‌ನಲ್ಲಿ ಆ ಪಿಡಿಎಫ್‌ಗೆ ‘ಲಿಂಕ್’ ಅನ್ನುವ ಹೆಡರ್ ಸೇರಿಸಲು ಹೋಸ್ಟಿಂಗ್‌ನವರಿಗೆ ಹೇಳಿ.

ಹಂತ 6: ಉಳಿದ ಕಾಗದಗಳನ್ನೂ ಸರಿ ಮಾಡಿ

ಟ್ಯಾಗ್ ಹಾಕಿ ಕೈತೊಳೆದುಕೊಂಡವರು ಎರಡು ತಿಂಗಳ ಮೇಲೆ ‘ಗೂಗಲ್ ಕೇಳುತ್ತಿಲ್ಲ’ ಅನ್ನುತ್ತಾರೆ. ಮೆನು, ಹೋಮ್ ಪೇಜಿನ ಬ್ಯಾನರ್, ಲೇಖನದ ಒಳಗಿನ ಲಿಂಕ್, ಎಲ್ಲವೂ ಅಸಲಿ ವಿಳಾಸವನ್ನೇ ಹಿಡಿದಿವೆಯಾ ನೋಡಿ. ಸೀರೆ ಸೈಟ್‌ನ ಬ್ಯಾನರ್‌ನಲ್ಲಿ ಯುಟಿಎಂ ಬಾಲದ ಲಿಂಕ್ ಇತ್ತು. ಹಬ್ಬದ ಜಾಹೀರಾತಿಗೆ ಮಾಡಿದ ಲಿಂಕನ್ನೇ ಯಾರೋ ಅಲ್ಲೂ ಅಂಟಿಸಿದ್ದರು. ಮನೆಯವರೇ ಅಡ್ಡಹೆಸರಿನಿಂದ ಕರೆಯುತ್ತಿದ್ದರೆ ಊರವರು ಇನ್ನೇನು ಮಾಡಿಯಾರು?

ಸೈಟ್‌ಮ್ಯಾಪ್‌ನಲ್ಲಿ ಅಸಲಿ ವಿಳಾಸಗಳು ಮಾತ್ರ ಇರಲಿ. ಟ್ಯಾಗ್, ರೀಡೈರೆಕ್ಟ್‌ಗೆ ಹೋಲಿಸಿದರೆ ಇದರ ತೂಕ ಕಡಿಮೆ, ಆದರೆ ಎದುರು ಸಾಕ್ಷಿ ಹೇಳುವಂತೆ ಆಗಬಾರದು.

ಈಗ ಮಾಡಬಾರದ್ದು. ಡುಪ್ಲಿಕೇಟ್ ಪೇಜ್‌ಗಳನ್ನು, ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ತಡೆಯಬೇಡಿ. ಬಾಟ್ ಪೇಜಿನ ಒಳಗೇ ಬರದಿದ್ದರೆ ನೀವು ಹಾಕಿದ ಟ್ಯಾಗ್ ಓದುವುದು ಯಾರು? ಒಂದೇ ಪೇಜಿಗೆ ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡಿ ಅನ್ನುವ ಗುರುತು) ಮತ್ತು ಬೇರೆ ಪೇಜಿನ ಕಡೆಗಿನ ಕ್ಯಾನಾನಿಕಲ್ ಎರಡನ್ನೂ ಹಾಕಬೇಡಿ. ಒಂದು ‘ನನ್ನನ್ನು ಬಿಟ್ಟುಬಿಡಿ’ ಅನ್ನುತ್ತದೆ, ಇನ್ನೊಂದು ‘ನನ್ನನ್ನು ಅದರ ಜೊತೆ ಸೇರಿಸಿ’ ಅನ್ನುತ್ತದೆ. ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಸಾಧನವನ್ನು ಇದಕ್ಕೆ ಬಳಸಲೇಬೇಡಿ. ಅದು ಆ ವಿಳಾಸದ ಎಲ್ಲ ರೂಪಗಳನ್ನೂ, ಅಸಲಿಯನ್ನೂ ಸೇರಿಸಿ, ಹುಡುಕಾಟದಿಂದ ಮರೆಮಾಡುತ್ತದೆ.

ಹಂತ 7: ಇದು ಡುಪ್ಲಿಕೇಟ್ ಹೌದಾ?

ಇಲ್ಲಿ ಯಂತ್ರದ ಕೆಲಸ ಇಲ್ಲ, ನಿಮ್ಮ ತಲೆ ಓಡಬೇಕು.

ಬೆಲೆ ಪ್ರಕಾರ ಜೋಡಿಸಿದ್ದು ಸ್ಪಷ್ಟವಾಗಿ ಡುಪ್ಲಿಕೇಟ್. ಅದೇ ಸೀರೆಗಳು, ಸಾಲು ಮಾತ್ರ ಬೇರೆ. ಕ್ಯಾನಾನಿಕಲ್ ಮೂಲ ಪಟ್ಟಿಗೆ ಹೋಗಲಿ.

ಪಟ್ಟಿಯ ಎರಡನೇ ಪುಟ ಡುಪ್ಲಿಕೇಟ್ ಅಲ್ಲ. ಅದರಲ್ಲಿರುವುದು ಬೇರೆ ಸೀರೆಗಳು. ಎರಡು, ಮೂರು, ನಾಲ್ಕನೇ ಪುಟದ ಕ್ಯಾನಾನಿಕಲ್ ಎಲ್ಲ ಮೊದಲ ಪುಟಕ್ಕೆ ತೋರಿಸುವುದು ತುಂಬಾ ಮಾಮೂಲಿ ತಪ್ಪು. ಹಾಗೆ ಮಾಡಿದರೆ ಮುಂದಿನ ಪುಟಗಳ ಸೀರೆಗಳಿಗೆ ಗೂಗಲ್ ತಲುಪುವ ದಾರಿಯೇ ಕಿರಿದಾಗುತ್ತದೆ. ಒಂದೊಂದು ಪುಟವೂ ತನ್ನನ್ನೇ ತೋರಿಸಲಿ. ಹಿಂದಿನ-ಮುಂದಿನ ಪುಟ ಹೇಳುವ ಪ್ರಿವ್, ನೆಕ್ಸ್ಟ್ ಟ್ಯಾಗ್‌ಗಳನ್ನು ತಾನು ಬಳಸುತ್ತಿಲ್ಲ ಅಂತ ಗೂಗಲ್ 2019ರಲ್ಲೇ ಹೇಳಿದೆ, ಅದರ ಮೇಲೆ ಭಾರ ಹಾಕಬೇಡಿ.

ಬಣ್ಣದ ವಿಷಯ ಅಷ್ಟು ಸುಲಭ ಅಲ್ಲ. ಒಂದೇ ಸೀರೆ ಕೆಂಪು, ಹಸಿರು, ಕಪ್ಪು ಮೂರರಲ್ಲಿ ಇದ್ದು ವಿವರಣೆಯೂ ಅದೇ ಆಗಿದ್ದರೆ ಮೂರನ್ನೂ ಒಂದಕ್ಕೆ ಸೇರಿಸಬಹುದು. ಆದರೆ ಗೋಮಿ ದಡಿಯದೂ ಚಿಕ್ಕಿ ಪರಾಸ್ ದಡಿಯದೂ ಒಂದೇ ಅನ್ನಲು ಆಗುತ್ತದಾ? ಕೊಳ್ಳುವವರು ಆ ಹೆಸರು ಹಿಡಿದೇ ಹುಡುಕುತ್ತಾರೆ. ನಮ್ಮ ಅಂಗಡಿಯವರು ಎರಡಕ್ಕೂ ಬೇರೆ ಫೋಟೋ ತೆಗೆದು ನಾಲ್ಕು ಸಾಲು ಬೇರೆ ಬರೆದಿದ್ದರು. ಹಾಗಾಗಿ ಎರಡನ್ನೂ ಅಸಲಿಯಾಗೇ ಉಳಿಸಿದೆ. ಬಣ್ಣಗಳನ್ನು ಮಾತ್ರ ಸೇರಿಸಿದೆ. ನನ್ನ ಅಳತೆಗೋಲು ಇಷ್ಟೇ: ಈ ಪೇಜ್ ಹುಡುಕಿಕೊಂಡು ಬಂದವರಿಗೆ ಆ ಪೇಜ್ ತೋರಿಸಿದರೆ ಬೇಸರ ಮಾಡಿಕೊಳ್ಳುತ್ತಾರಾ? ಮಾಡಿಕೊಳ್ಳುತ್ತಾರೆ ಅಂದರೆ ಅದು ಡುಪ್ಲಿಕೇಟ್ ಅಲ್ಲ.

ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೈಟ್ ನಡೆಸುವವರು ಇದನ್ನು ಎರಡು ಸಲ ಓದಿ. ಅನುವಾದ ಡುಪ್ಲಿಕೇಟ್ ಅಲ್ಲ. ‘ಇಂಗ್ಲಿಷ್ ಪೇಜೇ ಮೂಲ, ಕನ್ನಡದ್ದು ಅದರ ಪ್ರತಿ’ ಅಂದುಕೊಂಡು ಕನ್ನಡ ಪೇಜಿನ ಕ್ಯಾನಾನಿಕಲ್ ಅನ್ನು ಇಂಗ್ಲಿಷ್ ಕಡೆ ತಿರುಗಿಸಿರುವುದನ್ನು ನೋಡಿದ್ದೇನೆ. ಅಂದರೆ ‘ಕನ್ನಡ ಪೇಜನ್ನು ತೋರಿಸಬೇಡಿ’ ಅಂತ ನಾವೇ ಬರೆದುಕೊಟ್ಟ ಹಾಗೆ. ಕನ್ನಡ ಪೇಜ್ ಕನ್ನಡವನ್ನೇ, ಇಂಗ್ಲಿಷ್ ಪೇಜ್ ಇಂಗ್ಲಿಷನ್ನೇ ಕ್ಯಾನಾನಿಕಲ್ ಅನ್ನಲಿ. ಇವೆರಡೂ ಜೋಡಿ ಅಂತ ತಿಳಿಸಲು ಎಚ್‌ರೆಫ್‌ಲ್ಯಾಂಗ್ ಅನ್ನುವ ಬೇರೆಯೇ ಟ್ಯಾಗ್ ಇದೆ. ಕನ್ನಡದ ಸಂಕೇತ ಕೆ, ಎನ್. ಇಂಗ್ಲಿಷಿನದು ಇ, ಎನ್. ಎರಡೂ ಪೇಜ್‌ಗಳಲ್ಲಿ ಎರಡನ್ನೂ ಹಾಕಿ. ಒಂದು ಕಡೆ ಮಾತ್ರ ಹಾಕಿದರೆ ಲೆಕ್ಕಕ್ಕಿಲ್ಲ.

ನಿಮ್ಮ ಲೇಖನವನ್ನು ಬೇರೆ ಸೈಟ್ ಮರುಪ್ರಕಟಿಸಿದರೆ? ಅವರು ನಿಮ್ಮ ಕಡೆಗೆ ಕ್ಯಾನಾನಿಕಲ್ ಹಾಕಲಿ ಅನ್ನುವುದು ಹಳೆಯ ಸಲಹೆ. ಅಲ್ಲಿನ ಪೇಜಿನಲ್ಲಿ ಅವರದೇ ಮೆನು, ಅವರದೇ ಇತರ ಸುದ್ದಿ ಸೇರಿಕೊಂಡು ಪೇಜ್ ಬೇರೆಯೇ ಆಗಿರುತ್ತದೆ, ಟ್ಯಾಗ್ ನಿಲ್ಲುವುದಿಲ್ಲ. 2023ರಲ್ಲಿ ಗೂಗಲ್ ತನ್ನ ಸಲಹೆ ಬದಲಿಸಿತು. ಮರುಪ್ರಕಟಿಸುವವರು ತಮ್ಮ ಪ್ರತಿಗೆ ನೋಇಂಡೆಕ್ಸ್ ಹಾಕಲಿ ಅನ್ನುತ್ತದೆ. ಅವರು ಒಪ್ಪುತ್ತಾರಾ ಅನ್ನುವುದು ಬೇರೆ ಮಾತು. ಲೇಖನ ಕೊಡುವ ಮೊದಲೇ ಕೇಳಿಕೊಳ್ಳಿ.

ಹಂತ 8: ಪರೀಕ್ಷಿಸಿ

ಮೊದಲು ಪೇಜ್ ತೆರೆದು ವ್ಯೂ ಸೋರ್ಸ್ ಒತ್ತಿ, ಕ್ಯಾನಾನಿಕಲ್ ಅಂತ ಹುಡುಕಿ. ಒಂದೇ ಸಲ ಸಿಗಬೇಕು. ಅಲ್ಲಿರುವ ವಿಳಾಸವನ್ನು ಕಾಪಿ ಮಾಡಿ ತೆರೆಯಿರಿ. ಬೇರೆ ಕಡೆ ಜಿಗಿಯದೆ, 404 ಬರದೆ, ನೇರ ಪೇಜ್ ಬರಬೇಕು.

ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಖಾನೆಗೆ ಬಾಲ ಇರುವ ವಿಳಾಸ ಹಾಕಿ. ಪೇಜ್ ಇಂಡೆಕ್ಸಿಂಗ್ ಭಾಗ ಬಿಚ್ಚಿದರೆ ಎರಡು ಸಾಲು ಕಾಣುತ್ತವೆ. ‘ಯೂಸರ್ ಡಿಕ್ಲೇರ್ಡ್’ ಅಂದರೆ ನೀವು ಹೇಳಿದ್ದು. ‘ಗೂಗಲ್ ಸೆಲೆಕ್ಟೆಡ್’ ಅಂದರೆ ಗೂಗಲ್ ಒಪ್ಪಿದ್ದು. ಎರಡೂ ಒಂದೇ ಆದರೆ ಮುಗಿಯಿತು. ಲೈವ್ ಟೆಸ್ಟ್‌ನಲ್ಲಿ ಎರಡನೆಯದು ಕಾಣುವುದಿಲ್ಲ, ಯಾಕೆಂದರೆ ಪೇಜ್ ಇಂಡೆಕ್ಸ್ ಆದ, ಅಂದರೆ ಗೂಗಲ್ ಪಟ್ಟಿಗೆ ಸೇರಿದ ಮೇಲೇ ಅದು ನಿರ್ಧಾರ ಆಗುವುದು.

ಬೇರೆ ಬೇರೆ ಬಂದರೆ ಹಂತ 6ಕ್ಕೆ ವಾಪಸ್ ಹೋಗಿ. ಅಲ್ಲೂ ತಪ್ಪು ಸಿಗಲಿಲ್ಲ ಅಂದರೆ ಎರಡು ಪೇಜ್ ಪಕ್ಕಪಕ್ಕ ಇಟ್ಟು ಓದಿ. ನೀವು ಒಂದೇ ಅಂದದ್ದು ನಿಜವಾಗಿ ಬೇರೆ ಇರಬಹುದು, ಅಥವಾ ಬೇರೆ ಅಂದದ್ದು ಗೂಗಲ್ ಕಣ್ಣಿಗೆ ಒಂದೇ ಆಗಿರಬಹುದು.

ನನ್ನ ಒಂದು ಎಡವಟ್ಟು ಹೇಳುತ್ತೇನೆ. ಒಂದು ಸೈಟನ್ನು ಟ್ರಯಲ್ ವಿಳಾಸದಲ್ಲಿ ಕಟ್ಟಿ, ಮುಗಿದ ಮೇಲೆ ಅಸಲಿ ಡೊಮೇನ್‌ಗೆ ತಂದೆ. ಟೆಂಪ್ಲೇಟ್‌ನಲ್ಲಿ ಕ್ಯಾನಾನಿಕಲ್ ವಿಳಾಸವನ್ನು ನಾನೇ ಕೈಯಿಂದ ಬರೆದಿದ್ದೆ. ಅದು ಟ್ರಯಲ್ ವಿಳಾಸವಾಗೇ ಉಳಿಯಿತು. ಟ್ರಯಲ್ ಸೈಟ್‌ಗೆ ಪಾಸ್‌ವರ್ಡ್ ಕೂಡ ಹಾಕಿರಲಿಲ್ಲ. ಕೆಲವು ವಾರಗಳಲ್ಲಿ ಅಸಲಿ ಸೈಟ್ ಹುಡುಕಾಟದಿಂದ ಒಂದೊಂದೇ ಪೇಜಾಗಿ ಇಳಿಯಿತು, ಟ್ರಯಲ್ ಸೈಟ್ ಮೇಲೆ ಬಂತು. ನಾನೋ ಸರ್ವರ್, ಬರಹ, ಸ್ಪೀಡ್ ಎಲ್ಲ ತಡಕಾಡುತ್ತಿದ್ದೆ. ಗೂಗಲ್ ಮಾತ್ರ ನಾನು ಹೇಳಿದ್ದನ್ನೇ ಮಾಡಿತ್ತು. ಅಂದಿನಿಂದ ಹೊಸ ಸೈಟ್ ಲೈವ್ ಆದ ದಿನ ನಾನು ಮಾಡುವ ಮೊದಲ ಕೆಲಸ ವ್ಯೂ ಸೋರ್ಸ್.

ಎಲ್ಲ ಸರಿ ಮಾಡಿದ ಮೇಲೆ ಕಾಯಬೇಕು. ಬಾಟ್ ಮತ್ತೆ ಬಂದು ಒಂದೊಂದೇ ಪೇಜ್ ಓದಬೇಕು. ಚಿಕ್ಕ ಸೈಟ್‌ಗೂ ವಾರಗಳು ಹಿಡಿಯಬಹುದು. ಮುಖ್ಯವಾದ ನಾಲ್ಕೈದು ಪೇಜಿಗೆ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ, ಉಳಿದದ್ದಕ್ಕೆ ಕೈ ಹಾಕಬೇಡಿ. ಮೂರು ದಿನಕ್ಕೊಮ್ಮೆ ಟ್ಯಾಗ್ ಬದಲಿಸುತ್ತ ಕೂತರೆ ಯಾವ ಬದಲಾವಣೆ ಫಲ ಕೊಟ್ಟಿತು ಅಂತ ನಿಮಗೇ ತಿಳಿಯುವುದಿಲ್ಲ.

ಸೀರೆ ಅಂಗಡಿಯವರಿಂದ ಎರಡು ತಿಂಗಳ ಮೇಲೆ ಮತ್ತೆ ಫೋನ್. "ಸರ್, ಈಗ ‘ಆಲ್ಟರ್ನೇಟ್ ಪೇಜ್ ವಿತ್ ಪ್ರಾಪರ್ ಕ್ಯಾನಾನಿಕಲ್ ಟ್ಯಾಗ್’ ಅಂತ ಐನೂರು ತೋರಸ್ತದ. ‘ನಾಟ್ ಇಂಡೆಕ್ಸ್ಡ್’ ಅಂತೂ ಬರದೈತಿ. ಏನ್ ಮಾಡೋದ್ರಿ?"

ಏನೂ ಮಾಡಬೇಡಿ ಅಂದೆ. ಆ ಐನೂರರಲ್ಲಿ ಹತ್ತನ್ನು ತೆಗೆದು, ಅವು ಸರಿಯಾದ ಸೀರೆಗೇ ಬೊಟ್ಟು ಮಾಡುತ್ತಿವೆಯಾ ಅಂತ ಇಬ್ಬರೂ ಫೋನಿನಲ್ಲೇ ನೋಡಿದೆವು. ಮಾಡುತ್ತಿದ್ದವು. ಅದು ದೋಷಗಳ ಪಟ್ಟಿ ಅಲ್ಲ, ಉರುಫ್‌ಗಳ ಪಟ್ಟಿ.